ನೋಡಿ ಹೋಗಲು ಬಂದವರು

ಪುತ್ತೂರಿನಲ್ಲಿ ಮದುವೆಗಳಿರುವ ದಿನ ಅಲ್ಲಿನ ಆಸ್ಪತ್ರೆಗಳಲ್ಲಿ ಮಲ್ಲಿಗೆಯ ಪರಿಮಳ ಇರುತ್ತದೆ. ಮದುವೆ ಹಾಲ್‌ನಲ್ಲಿ ಊಟ ಮುಗಿಸಿದವರು ಊರಿಗೆ ಮರಳುವ ಮುಂಚೆ, ನಮ್ಮವರು ಯಾರು ಯಾವ ಆಸ್ಪತ್ರೆಯಲ್ಲಿ ಮಲಗಿದ್ದಾರೆ ಎಂದು ವಿಚಾರಿಸಿಕೊಂಡು, ದಾರಿಯಲ್ಲಿ ಮೋಸಂಬಿಯೋ ಬ್ರೆಡ್ಡೋ ಕಟ್ಟಿಸಿಕೊಂಡು, ರೇಷ್ಮೆ ಸೀರೆಯಲ್ಲಿಯೇ ಒಂದು ಸುತ್ತು ನೋಡಿ ಹೋಗುತ್ತಾರೆ. ಒಂದೇ ಖರ್ಚಿನಲ್ಲಿ ಎರಡು ಕರ್ತವ್ಯ. ಕುಮುದಿನಿಯೂ ಇಷ್ಟು ವರ್ಷ ಹಾಗೆ ನೋಡಿ ಹೋದವಳೇ. ಮಂಚದ ಮೇಲೆ ಮಲಗಿದವರಿಗೆ ಅದು ಹೇಗಿರುತ್ತದೆ ಎಂದು ಅವಳಿಗೆ ತಿಳಿದದ್ದು, ಅತ್ತಿಗೆಯ ಜೊತೆಗೆ ತಾನೇ ಆಸ್ಪತ್ರೆಯಲ್ಲಿ ನಿಲ್ಲಬೇಕಾಗಿ ಬಂದ ಮೇಲೆ.

ಅತ್ತಿಗೆ ಎಂದರೆ ಅವಳ ಗಂಡ ಜತ್ತಪ್ಪನ ಅಕ್ಕ ವಾಸಂತಿ. ಮದುವೆಯಾಗದೆ, ಬೆಳ್ಳಾರೆ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ತಮ್ಮನ ಮನೆಯಲ್ಲಿಯೇ ಇದ್ದವಳು. ಕುಮುದಿನಿಯ ಮದುವೆಯ ರವಿಕೆಯನ್ನು ಹೊಲಿದದ್ದೂ ಅವಳೇ. ಅರವತ್ತು ದಾಟಿದ ಮೇಲೆ ಶುಗರ್ ಬಂದಿತ್ತು, ಚಳಿಗಾಲದಲ್ಲಿ ಸ್ವಲ್ಪ ದಮ್ಮು ಕಟ್ಟುತ್ತಿತ್ತು. ಆದರೆ ನಾಲಗೆಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಜತ್ತಪ್ಪ ತನ್ನ ಪಂಪ್‌ಸೆಟ್ ಅಂಗಡಿಯ ಪಿಕಪ್‌ನಲ್ಲಿಯೇ ಹಾಸಿಗೆ ಹಾಸಿ ಪುತ್ತೂರಿಗೆ ಕರೆತಂದ. ಆಪರೇಷನ್ ಚೆನ್ನಾಗಿಯೇ ಆಯಿತು. ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿಯೂ ಆಯಿತು.

"ಎಂತ ಕುಮುದ, ಇವತ್ತು ಎಷ್ಟು ಜನ ಟಿಕೆಟ್ ತೆಗೊಂಡಿದ್ದಾರೆ?" ಎಂದು ವಾಸಂತಿ ಸಂಜೆಯಾಗುತ್ತಲೇ ಕೇಳುತ್ತಿದ್ದಳು. "ನನ್ನ ಷೋ ಶುರು ಆಗುವ ಮೊದಲು ತಲೆ ಒಂದು ಬಾಚಿಬಿಡು. ಮತ್ತೆ, ಬಿದ್ದ ಕಥೆ ಹೇಳಿ ಹೇಳಿ ನನಗೆ ಸಾಕಾಗಿ ಹೋಯ್ತು. ನಾಳೆಯಿಂದ ತೆಂಗಿನ ಮರದಿಂದ ಬಿದ್ದದ್ದು ಅಂತ ಹೇಳ್ತೇನೆ."

ಆದರೆ ಆ ವಾರ್ಡಿನ ಸಿಸ್ಟರ್ ಮುನೀರಾಳಿಗೆ ಇದರಲ್ಲಿ ತಮಾಷೆಯೇನೂ ಕಾಣಲಿಲ್ಲ. ಒಂದು ಮಧ್ಯಾಹ್ನ ಮಂಚದ ಸುತ್ತ ನಿಂತಿದ್ದವರನ್ನೆಲ್ಲ ಹೊರಗೆ ಕಳಿಸಿ, ಕುಮುದಿನಿಯನ್ನು ಕಾರಿಡಾರಿಗೆ ಕರೆದಳು.

"ಅಕ್ಕಾ, ಇದು ವಾರ್ಡಾ, ಮದುವೆ ಹಾಲಾ? ಆಚೆ ವಾರ್ಡಿನಲ್ಲಿ ಫ್ಲೂ ಕೇಸ್ ಉಂಟು. ಊರಿಡೀ ಶೀತ, ಜ್ವರ. ನಿಮ್ಮ ಅತ್ತಿಗೆಯ ಮೂಳೆ ಸರಿಯಾಗ್ತದೆ, ಅದರ ಹೆದರಿಕೆ ನನಗಿಲ್ಲ. ನನಗೆ ಹೆದರಿಕೆ ಈ ಮೋಸಂಬಿ ತರುವವರದ್ದು."

"ಬಂದವರನ್ನು ಬೇಡ ಹೇಳ್ಲಿಕ್ಕೆ ಆಗ್ತದಾ ಸಿಸ್ಟರ್?"

"ನಾನು ಹೇಳಿದ್ರೆ ಜಗಳಕ್ಕೆ ಬರ್ತಾರೆ. ನೀವು ಮನೆಯವರು, ನೀವೇ ಹೇಳ್ಬೇಕು. ಕೆಮ್ಮು ಇದ್ದವರು, ಮೂಗು ಸೋರುವವರು, ಮನೆಯಲ್ಲಿ ಜ್ವರ ಇದ್ದವರು ಯಾರೂ ಒಳಗೆ ಬರುದು ಬೇಡ. ನಮಗೆ ಅದು ಬರೀ ಶೀತ. ಹಸುಗೂಸಿಗೆ, ಹೀಗೆ ಮಲಗಿದ ಪ್ರಾಯ ಆದವರಿಗೆ ಶೀತ ಅಲ್ಲ ಅದು."

ಅಂದಿನಿಂದ ಕುಮುದಿನಿ ವಾರ್ಡಿನ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಳು. ಮೊದಲು ತಡೆದದ್ದು ತನ್ನ ಸ್ವಂತ ತಮ್ಮನನ್ನೇ. ಗುತ್ತಿಗಾರಿನಿಂದ ಬಂದವನು ಎರಡು ಸಲ ಸೀನಿದ. ಅವನ ಕೈಯಿಂದ ಎಳನೀರು ತೆಗೆದುಕೊಂಡು, ಕಾರಿಡಾರಿನಿಂದಲೇ ಕೈಬೀಸಲು ಹೇಳಿ ಕಳಿಸಿದಳು. ಅವನು ನಗುತ್ತಲೇ ಹೋದ. ತನ್ನವರು ಎಂದರೆ ಅಷ್ಟು ಸುಲಭ. ಗಂಡನ ಕಡೆಯವರಿಗೆ ಬಾಯಿಬಿಟ್ಟು ಹೇಳುವುದೇ ಕಷ್ಟವಾಗಿತ್ತು. ಪಂಜದ ಸುಗುಣ, ಜತ್ತಪ್ಪನ ದೊಡ್ಡಪ್ಪನ ಸೊಸೆ, ಮದುವೆಯ ಸೀರೆಯಲ್ಲಿ ಬಂದು ಮೂಗೊರೆಸಿಕೊಂಡಳು. ಕುಮುದಿನಿ ಎದ್ದು ನಿಂತು, ಸಿಸ್ಟರ್ ಹೇಳಿದ್ದನ್ನು ಹೇಳಿದಳು.

"ಓಹೋ! ನಾವೀಗ ರೋಗ ಆಗಿಬಿಟ್ಟೆವಾ?" ಸುಗುಣ ಬೆಂಚಿನ ಮೇಲಿದ್ದವರಿಗೂ ಕೇಳಿಸುವಂತೆ ಹೇಳಿದಳು. "ವಾಸಂತಿ ಅಕ್ಕನನ್ನು ನಮ್ಮಿಂದ ದೂರ ಇಟ್ಟದ್ದು ಇವತ್ತು ನಿನ್ನೆಯದ್ದಾ ಮಾರಾಯ್ರೆ? ಬಾಗಿಲಲ್ಲಿ ಕೂತದ್ದು ಮಾತ್ರ ಹೊಸತು."

ಆ ಮಾತಿನ ಮೂಲ ಎಲ್ಲಿ ಎಂದು ಕುಮುದಿನಿಗೆ ಗೊತ್ತಿತ್ತು. ಕೋಡಿಂಬಾಳದಲ್ಲಿ ಸೇಸಮ್ಮ ಎಂಬ ಮುದುಕಿ ಇದ್ದಾಳೆ. ವಾಸಂತಿ ಮತ್ತು ಜತ್ತಪ್ಪನ ತಾಯಿಯ ತಂಗಿ. ಅಕ್ಕ ತೀರಿಕೊಂಡಾಗ ವಾಸಂತಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗಬೇಕೆಂದು ಅವಳಿಗಿತ್ತು. ವಾಸಂತಿ ಹೋಗಲಿಲ್ಲ. ಅದರ ಸಿಟ್ಟನ್ನು ಸೇಸಮ್ಮ ವಾಸಂತಿಯ ಮೇಲೆ ತೋರಿಸದೆ ಕುಮುದಿನಿಯ ಮೇಲೆ ತೀರಿಸಿಕೊಂಡಳು. "ಆ ಹೆಣ್ಣು ನಮ್ಮ ಹುಡುಗಿಯನ್ನು ಅಡುಗೆಗೆ ಇಟ್ಟುಕೊಂಡಿದ್ದಾಳೆ" ಎಂದು ಹೋದ ಹೋದ ಮದುವೆಗಳಲ್ಲೆಲ್ಲ ಹೇಳಿದಳು.

ವಾಸಂತಿಗೆ ಇದು ನಗುವ ವಿಷಯ. "ನಾನು ಅಡುಗೆ ಮಾಡಿದ್ರೆ ನಿಮ್ಮಲ್ಲಿ ಯಾರಾದ್ರೂ ಬದುಕಿ ಉಳೀತಿದ್ರಾ?" ಎನ್ನುತ್ತಿದ್ದಳು. ಕುಮುದಿನಿ ಕೂಡ ನಗುತ್ತಿದ್ದಳು. ಆದರೆ ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಎದುರಿನ ಸಾಲಿನ ಹೆಂಗಸರು ಪರಸ್ಪರ ಬಗ್ಗಿ ಏನಾದರೂ ಪಿಸುಗುಟ್ಟಿದರೆ, ಅದು ತನ್ನ ಬಗ್ಗೆಯೇ ಎಂದು ಅವಳಿಗೆ ತೋರುತ್ತಿತ್ತು. ಬಾಯಿಗಿಟ್ಟ ತುತ್ತಿನ ರುಚಿ ಹೋಗುತ್ತಿತ್ತು. ಇಂಥ ಸಣ್ಣ ಸಂಕಟವನ್ನು ಯಾರ ಬಳಿಯಾದರೂ ಹೇಳಿಕೊಂಡರೆ ಹೇಳಿದವಳೇ ಸಣ್ಣವಳಾಗುತ್ತಾಳೆ. ಹಾಗಾಗಿ ಹೇಳಿರಲಿಲ್ಲ.

ಸೇಸಮ್ಮ ಬಂದದ್ದು, ಇನ್ನೇನು ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರ್ ಹೇಳಿದ ದಿನ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ, ಆಟೋದವನೊಡನೆ ಜಗಳವಾಡಿ, ಮೆಟ್ಟಿಲುಗಳನ್ನು ಹತ್ತಿ ಬಂದಿದ್ದಳು. ಒಂದು ಕೈಯಲ್ಲಿ ಹಿಡಿಕೆ, ಮುಚ್ಚಳವಿರುವ ಸ್ಟೀಲಿನ ತೂಕುಪಾತ್ರೆ. ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡಳು. ಸುಧಾರಿಸಿಕೊಳ್ಳುತ್ತಲೇ ಕೆಮ್ಮಿದಳು.

"ಕೆಮ್ಮು ಉಂಟಾ ಚಿಕ್ಕಮ್ಮ?" ಕುಮುದಿನಿ ಮೆಲ್ಲಗೆ ಕೇಳಿದಳು.

"ಎಂತ ಇಲ್ಲ ಮಾರಾಯ್ತಿ, ಗಂಟಲು ಸ್ವಲ್ಪ ಕೆರೀತದೆ, ಅಷ್ಟೆ. ಮನೆಯಲ್ಲಿ ಮಕ್ಕಳು ಮರಿ ಎಲ್ಲ ಜ್ವರದಲ್ಲಿ ಮಲಗಿದ್ದಾರೆ. ನಾನೊಬ್ಬಳು ಕಲ್ಲಿನ ಹಾಗೆ ಇದ್ದೇನೆ ನೋಡು."

ಹೇಳಬೇಕಾದ ಮಾತು ಕುಮುದಿನಿಯ ನಾಲಗೆಯ ತುದಿಯಲ್ಲಿಯೇ ಇತ್ತು. ಅಷ್ಟು ಜನರಿಗೆ ಹೇಳಿದ್ದೇ ಅದು, ಬಾಯಿಪಾಠವಾಗಿತ್ತು. ಆದರೆ ಬೆಂಚಿನ ಮೇಲೆ ಬೆಳ್ಳಾರೆಯ ಇಬ್ಬರು ಹೆಂಗಸರಿದ್ದರು. ಸುಗುಣಳ ಅತ್ತೆಯೂ ಇದ್ದಳು. ಮೂವರೂ ಮಾತು ನಿಲ್ಲಿಸಿ ಇತ್ತ ನೋಡುತ್ತಿದ್ದರು. ಸೇಸಮ್ಮನಿಗೂ ಯಾರೋ ಮೊದಲೇ ಹೇಳಿಟ್ಟಿರಬೇಕು.

"ನೀನು ಬಾಗಿಲಲ್ಲಿ ನಿಲ್ಲಿಸ್ತಿ ಅಂತ ಸುದ್ದಿ ಬಂತು," ಎಂದಳು ಮುದುಕಿ. "ಬೇಡ ಅಂದ್ರೆ ಹೋಗ್ತೇನೆ. ಬಾಗಿಲು ನಿನ್ನದು."

"ಬನ್ನಿ ಚಿಕ್ಕಮ್ಮ," ಎಂದಳು ಕುಮುದಿನಿ. "ನಿಮಗೆ ಬೇಡ ಹೇಳ್ಲಿಕ್ಕೆ ಆಗ್ತದಾ? ನಿಮಗಿಂತ ಹತ್ತಿರದವರು ಅತ್ತಿಗೆಗೆ ಯಾರಿದ್ದಾರೆ?"

ಬೇಕಾದದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ಬೆಂಚಿನವರೆಗೆ ಕೇಳಿಸುವಷ್ಟು.

ಒಂದು ಮಾಸ್ಕ್ ಕೊಟ್ಟಳು, ಕೊಡಲಿಲ್ಲ ಎಂದಲ್ಲ. ಸೇಸಮ್ಮ ಅದನ್ನು ಮಂಚದ ಬಳಿ ಹೋಗುತ್ತಲೇ ಗಲ್ಲಕ್ಕೆ ಇಳಿಸಿದಳು. "ಬಾಯಿ ಮುಚ್ಚಿಕೊಂಡು ಮಾತಾಡ್ಲಿಕ್ಕೆ ನಾನೆಂತ ಕಳ್ಳಿಯಾ?" ಎಂದದ್ದಕ್ಕೆ ವಾಸಂತಿ ಗಟ್ಟಿಯಾಗಿ ನಕ್ಕಳು, ನಗುತ್ತಲೇ ಅತ್ತಳು. ಅಷ್ಟು ದಿನ ಕಥೆ ಹೇಳಿ ಎಲ್ಲರನ್ನೂ ನಗಿಸಿದವಳು ಅತ್ತದ್ದು ಅದೊಂದೇ ಸಲ. ಸೇಸಮ್ಮ ತೂಕುಪಾತ್ರೆಯ ಮುಚ್ಚಳ ತೆಗೆದಳು. ಕುಚ್ಚಲಕ್ಕಿಯ ಗಂಜಿ, ಮೇಲೆ ಒಂದಿಷ್ಟು ತೆಂಗಿನಕಾಯಿ ಹಾಲು. ದಾರಿಯುದ್ದಕ್ಕೂ ಬಟ್ಟೆ ಸುತ್ತಿ ತಂದದ್ದು ಇನ್ನೂ ಹಬೆಯಾಡುತ್ತಿತ್ತು. ಮುದುಕಿ ಚಮಚದಲ್ಲಿ ತೆಗೆದು, ಬಾಯಿಯಿಂದ ಊದಿ ಊದಿ ಆರಿಸಿ, ಒಂದೊಂದಾಗಿ ವಾಸಂತಿಗೆ ತಿನ್ನಿಸಿದಳು. ವಾಸಂತಿ ಚಿಕ್ಕ ಹುಡುಗಿಯ ಹಾಗೆ ಬಾಯಿ ತೆರೆದಳು.

ಸಾಕು ಚಿಕ್ಕಮ್ಮ, ಎನ್ನಬೇಕಿತ್ತು. ಕುಮುದಿನಿ ಮಂಚದ ಕಾಲ ಬಳಿ ನಿಂತು ಚಾದರ ಸರಿಪಡಿಸಿದಳು.

ಹೊರಡುವಾಗ ಸೇಸಮ್ಮ ಅವಳ ಕೆನ್ನೆ ಮುಟ್ಟಿ, "ಚೆನ್ನಾಗಿ ನೋಡಿಕೊಂಡಿದ್ದಿ," ಎಂದಳು. ಬೆಂಚಿನ ಹೆಂಗಸರ ಎದುರಿನಲ್ಲಿಯೇ. ಆ ಸಂಜೆ ಕುಮುದಿನಿಗೆ ಎಷ್ಟು ಹಗುರವೆನಿಸಿತ್ತು ಎಂದರೆ, ಕೆಳಗಿನ ಕ್ಯಾಂಟೀನಿಗೆ ಹೋಗಿ ತನಗಾಗಿ ಒಂದು ತಟ್ಟೆ ಗೋಳಿಬಜೆ ತರಿಸಿಕೊಂಡು ತಿಂದಳು. ಮುಂದೆ ಆ ಗೋಳಿಬಜೆಯ ನೆನಪೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯವಾಗಿ ಕಂಡದ್ದು.

ಎರಡು ದಿನ ಕಳೆದು, ಮನೆಗೆ ಹೋಗಬೇಕಾದ ಬೆಳಿಗ್ಗೆಯೇ ವಾಸಂತಿಗೆ ಮೈ ಬಿಸಿಯಾಯಿತು. ಮೊದಲು ಗಂಟಲು ನೋವು, ಮತ್ತೆ ಕೆಮ್ಮು. ಸಂಜೆಗೆ ಉಸಿರು ಎಳೆಯತೊಡಗಿದಳು. ಮೂಗಿನೊಳಗೆ ಕಡ್ಡಿ ಹಾಕಿ ಪರೀಕ್ಷೆಗೆ ಕಳಿಸಿದರು. ಫ್ಲೂ ಎಂದು ಬಂತು. ಮುನೀರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮ್ಲಜನಕದ ಟ್ಯೂಬು ಸಿಕ್ಕಿಸುತ್ತಾ ಕುಮುದಿನಿಯ ಮುಖವನ್ನೊಮ್ಮೆ ನೋಡಿ, "ಯಾರಾದ್ರೂ ಬಂದಿದ್ರಾ ಅಕ್ಕಾ?" ಎಂದಷ್ಟೇ ಕೇಳಿದಳು. ಕುಮುದಿನಿ ಉತ್ತರಿಸುವ ಮೊದಲೇ ಇನ್ನೊಂದು ಮಂಚದವರು ಕರೆದರು.

ಐಸಿಯುಗೆ ಕೊಂಡೊಯ್ಯುವಾಗ ವಾಸಂತಿ ಮಾಸ್ಕಿನೊಳಗಿಂದ ಏನೋ ಹೇಳಿದಳು. ಕುಮುದಿನಿ ಕಿವಿ ಹತ್ತಿರ ತಂದಳು. "ಷೋ ಬಂದ್ ಮಾಡಿದ್ರಾ?" ಎಂದು ಕೇಳುತ್ತಿದ್ದಳು. "ಎರಡು ದಿನ ರಜೆ ಅತ್ತಿಗೆ," ಎಂದಳು ಕುಮುದಿನಿ.

ನ್ಯುಮೋನಿಯಾ ಎಂದರು. ಶುಗರ್ ಹತೋಟಿಗೆ ಬರಲಿಲ್ಲ ಎಂದರು. ವೆಂಟಿಲೇಟರಿಗೆ ಹಾಕಿದರು. ಆ ವಾರ ಅದೇ ಐಸಿಯುನಲ್ಲಿ ರಾಮಕುಂಜದ ಒಬ್ಬ ನಿವೃತ್ತ ಮೇಷ್ಟ್ರೂ ತೀರಿಕೊಂಡರು. ಹರ್ನಿಯಾ ಆಪರೇಷನ್ನಿಗೆಂದು ನಡೆದುಕೊಂಡೇ ಬಂದಿದ್ದವರಂತೆ. ಅವರ ಹೆಂಡತಿ ಹೊರಗಿನ ಕುರ್ಚಿಯಲ್ಲಿ ಕುಮುದಿನಿಯ ಪಕ್ಕದಲ್ಲಿಯೇ ಕುಳಿತಿದ್ದು, "ಶೀತಕ್ಕೆ ಯಾರಾದ್ರೂ ಸಾಯ್ತಾರಾ? ನೀವೇ ಹೇಳಿ" ಎಂದು ಕೇಳಿದ್ದನ್ನೇ ಕೇಳಿದರು. ಮರುದಿನ ಮಧ್ಯಾಹ್ನ ವಾಸಂತಿಯೂ ಹೋದಳು.

ಕುಮುದಿನಿ ಡಾಕ್ಟರರ ಹಿಂದೆಯೇ ಹೋಗಿ, ಇದು ಯಾರಿಂದ ಬಂದಿರಬಹುದು ಎಂದು ಕೇಳಿದಳು. "ಅದನ್ನು ಹೇಳ್ಲಿಕ್ಕೆ ಆಗುದಿಲ್ಲಮ್ಮ. ನೋಡ್ಲಿಕ್ಕೆ ಬಂದವರಿಂದ ಇರಬಹುದು, ಪಕ್ಕದ ವಾರ್ಡಿನಿಂದ ಇರಬಹುದು, ನಮ್ಮವರಿಂದಲೇ ಇರಬಹುದು," ಎಂದು ಡಾಕ್ಟರ್ ನಿಂತು, ಸಮಾಧಾನದಿಂದಲೇ ಹೇಳಿದರು. ಆ 'ಇರಬಹುದು'ಗಳನ್ನು ಕುಮುದಿನಿ ಮನೆಗೆ ತಂದಳು. ಪಾತ್ರೆ ತೊಳೆಯುವಾಗ ಫ್ಲೂ ಪಕ್ಕದ ವಾರ್ಡಿನಿಂದ ಬಂದಿರುತ್ತಿತ್ತು. ಬಟ್ಟೆ ಮಡಚುವಾಗ, ಹೊಲಿಗೆ ಯಂತ್ರದ ಮೇಲಿನ ಧೂಳು ಕಂಡಾಗ, ಹಬೆಯಾಡುವ ಚಮಚವೊಂದು ಕಣ್ಣಿಗೆ ಕಟ್ಟುತ್ತಿತ್ತು.

ಊರಿನವರಿಗೆ ಇಂಥ ಗೊಂದಲವಿರಲಿಲ್ಲ. ಸೊಂಟ ಮುರಿದುಕೊಂಡು ಸತ್ತಳು, ಪ್ರಾಯ ಆದವರಿಗೆ ಸೊಂಟ ಮುರಿದರೆ ಅಷ್ಟೇ ಎಂದು ಅವರ ಬಾಯಲ್ಲಿ ಸಾವು ಒಂದು ರೂಪಕ್ಕೆ ಬಂದಿತ್ತು. ಕುಮುದಿನಿ ಅದನ್ನು ತಿದ್ದಲಿಲ್ಲ. ತಿದ್ದಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು.

ಉತ್ತರಕ್ರಿಯೆಯ ದಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಊಟ ಮುಗಿದು, ಹೆಂಗಸರು ಚಾವಡಿಯಲ್ಲಿ ವೀಳ್ಯದ ತಟ್ಟೆಯ ಸುತ್ತ ಕುಳಿತಿದ್ದರು. ಸೇಸಮ್ಮ ನಡುವಿನಲ್ಲಿ ಕುಳಿತು, ಬಂದವರಿಗೆಲ್ಲ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಿದ್ದಳು.

"ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸಿದ್ಲು. ನನ್ನನ್ನು ಮಾತ್ರ ಕೈ ಹಿಡಿದು ಒಳಗೆ ಕರೆದ್ಲು ಈ ಕುಮುದ. ವಾಸಂತಿಯ ಬಾಯಿಗೆ ಕೊನೆಯ ಗಂಜಿ ನನ್ನ ಕೈಯಿಂದ ಬಿತ್ತು. ನಾನು ಇವಳ ಬಗ್ಗೆ ಎಂತೆಂತದೋ ಹೇಳಿದ್ದೆ. ನನ್ನ ಬಾಯಿಗೆ ಹುಳ ಬೀಳ!"

ಇಷ್ಟು ವರ್ಷ ಕೇಳಬೇಕೆಂದು ಆಸೆಪಟ್ಟ ಮಾತು ಇಷ್ಟು ಜನರ ಎದುರಿನಲ್ಲಿ ಬರುತ್ತಿತ್ತು. ಕುಮುದಿನಿ ಅಡಿಕೆ ತಟ್ಟೆಯನ್ನು ಅತ್ತಿತ್ತ ಸರಿಸಿದಳು.

"ಸರಿ, ಏಳಿ ಏಳಿ," ಎಂದು ಸುಗುಣ ಅವಸರ ಮಾಡಿದಳು. ಮೂಗು ಕೆಂಪಾಗಿ, ಮಾತು ಮೂಗಿನಿಂದಲೇ ಬರುತ್ತಿತ್ತು. "ಜೀಪು ರೆಡಿ ಉಂಟು. ಇಲ್ಲಿಂದ ಹಾಗೇ ಸುಳ್ಯಕ್ಕೆ ಹೋಗಿ ಗಾನಶ್ರೀಯನ್ನು ನೋಡಿಕೊಂಡು ಬರುವ."

ಗಾನಶ್ರೀ ಸೇಸಮ್ಮನ ಮೊಮ್ಮಗಳು. ತಿಂಗಳು ತುಂಬುವ ಮೊದಲೇ ಹೆತ್ತು ಸುಳ್ಯದ ಆಸ್ಪತ್ರೆಯಲ್ಲಿದ್ದಳು. ಮಗು ಅಂಗೈಯಷ್ಟು ಇದೆ, ಗಾಜಿನ ಪೆಟ್ಟಿಗೆಯಿಂದ ತೆಗೆದು ತಾಯಿಯ ಪಕ್ಕ ಮಲಗಿಸಿದ್ದಾರೆ ಎಂದು ಬೆಳಿಗ್ಗೆಯಷ್ಟೇ ಸುದ್ದಿ ಬಂದಿತ್ತು. ಸಾವಿನ ಸೂತಕ ಕಳೆದದ್ದೇ ತಡ, ಬಾಣಂತಿಯನ್ನು ನೋಡುವ ಉತ್ಸಾಹ. ಒಂದೇ ಖರ್ಚು. ಒಬ್ಬಳು ಮಗುವಿಗೆ ಟೊಪ್ಪಿ ತಂದಿದ್ದಳು. ಇನ್ನೊಬ್ಬಳ ಕಂಕುಳಲ್ಲಿದ್ದ ಪುಟ್ಟ ಹುಡುಗಿಯ ಮೂಗಿನಿಂದ ಗೊಣ್ಣೆ ಇಳಿದಿತ್ತು. ಸೇಸಮ್ಮ ನೆಲಕ್ಕೆ ಕೈಯೂರಿ ಏಳುತ್ತಾ, "ನಾನೇ ಮೊದಲು ಎತ್ತಿಕೊಳ್ಳುದು, ಹೇಳಿದ್ದೇನೆ" ಎಂದಳು.

"ಹೋಗ್ಬೇಡಿ," ಎಂದಳು ಕುಮುದಿನಿ.

ಯಾರಿಗೂ ಕೇಳಿಸಲಿಲ್ಲ. ಅವಳು ಎದ್ದು ಚಾವಡಿಯ ಮೆಟ್ಟಿಲಿಗೆ ಅಡ್ಡವಾಗಿ ನಿಂತಳು.

"ಹೋಗ್ಬೇಡಿ. ಸುಗುಣಕ್ಕ, ನಿಮಗೆ ಶೀತ ಉಂಟು. ಆ ಸಣ್ಣ ಹುಡುಗಿಗೂ ಉಂಟು."

"ಇಲ್ಲಿಯೂ ಬಾಗಿಲು ಕಾಯ್ಲಿಕ್ಕೆ ಶುರು ಮಾಡಿದ್ಲಾ ಇವಳು!" ಸುಗುಣ ನಕ್ಕಳು. "ಶೀತ ಯಾರಿಗಿಲ್ಲ ಮಾರಾಯ್ತಿ? ಶೀತಕ್ಕೆ ಯಾರಾದ್ರೂ ಸಾಯ್ತಾರಾ?"

"ಸಾಯ್ತಾರೆ. ಅತ್ತಿಗೆ ಸತ್ತದ್ದು ಸೊಂಟದಿಂದ ಅಲ್ಲ. ಸೊಂಟ ಸರಿಯಾಗಿತ್ತು. ನಡೀತಿದ್ರು. ಶೀತದಿಂದ ಸತ್ತದ್ದು. ಫ್ಲೂ ಅಂತ ಪರೀಕ್ಷೆಯಲ್ಲಿ ಬಂದಿತ್ತು."

ಇನ್ನು ಮುಂದಿನ ಪ್ರಶ್ನೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸೇಸಮ್ಮ ಅರ್ಧ ಎದ್ದವಳು ಕಂಬ ಹಿಡಿದು ನಿಂತಿದ್ದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು.

"ಯಾರಿಂದ ಬಂತಂತೆ?" ಯಾರೋ ಕೇಳಿದರು.

"ನನ್ನಿಂದ," ಎಂದಳು ಕುಮುದಿನಿ. "ನನಗೆ ಶೀತ ಇತ್ತು. ಅತ್ತಿಗೆಯನ್ನು ಬಿಟ್ಟು ಮನೆಗೆ ಹೋಗ್ಲಿಕ್ಕೆ ಮನಸ್ಸಾಗಲಿಲ್ಲ. ಅಲ್ಲಿಯೇ ಇದ್ದೆ."

ಸುಗುಣಳ ನಗು ಮುಖದಲ್ಲಿಯೇ ಉಳಿದು, ನಿಧಾನವಾಗಿ ಬೇರೆಯೇ ಆಯಿತು. "ನಮ್ಮನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ, ನೀನೇ..." ಎಂದಳು. ಟೊಪ್ಪಿ ತಂದವಳು ಅದನ್ನು ಮಡಚಿ ಚೀಲಕ್ಕೆ ಹಾಕಿದಳು. ಗೊಣ್ಣೆ ಸುರಿಸುವ ಹುಡುಗಿಯ ತಾಯಿ ಸೆರಗಿನಿಂದ ಅವಳ ಮೂಗೊರೆಸಿ ಒಳಗೆ ಹೋದಳು. ಅಂಗಳದಲ್ಲಿ ಯಾರೋ ಜೀಪಿನ ಇಂಜಿನ್ ಬಂದ್ ಮಾಡಿಸಿದರು. ಮಗು ಹತ್ತು ದಿನ ಕಳೆದು ಮನೆಗೆ ಬಂದ ಮೇಲೆ ನೋಡಿದರಾಯಿತು ಎಂದು ಹಿರಿಯರೊಬ್ಬರು ಹೇಳಿದರು. ಯಾರೂ ಎದುರಾಡಲಿಲ್ಲ. ಆದರೆ ಯಾರೂ ಕುಮುದಿನಿಯ ಕಡೆಗೆ ನೋಡಲೂ ಇಲ್ಲ.

ಹಿತ್ತಿಲಲ್ಲಿ ಹಂಡೆಯ ಬಳಿ ಜತ್ತಪ್ಪ ಅವಳನ್ನು ಹುಡುಕಿಕೊಂಡು ಬಂದ.

"ನಿನಗೆ ಆವಾಗ ಶೀತ ಎಲ್ಲಿತ್ತು?"

ಅವಳು ಚೆಂಬಿನಲ್ಲಿ ಹಂಡೆಯ ನೀರು ತೋಡಿದಳು.

"ನನಗೆ ಗೊತ್ತಾಯ್ತು," ಎಂದ ಅವನು, ದನಿ ತಗ್ಗಿಸಿ. "ಪಾಪ, ಚಿಕ್ಕಮ್ಮನ ಮರ್ಯಾದೆ ಉಳಿಸಿದಿ. ಬೇರೆ ಯಾರಾದ್ರೂ ಆಗಿದ್ರೆ ಹೀಗೆ ಮಾಡ್ತಿರಲಿಲ್ಲ. ದೊಡ್ಡ ಮನಸ್ಸು ನಿನ್ನದು."

ಅವಳಿಗೆ ಹಂಡೆಯ ನೀರನ್ನು ಅವನ ಮೇಲೆ ಎರಚಬೇಕೆನಿಸಿತು. ಮಾಡದ ತಪ್ಪನ್ನು ಹೊತ್ತುಕೊಂಡದ್ದು ಸುಲಭವಾಗಿತ್ತು. ಅದನ್ನು ಹೇಳುವಾಗ ದನಿ ಕೂಡ ನಡುಗಿರಲಿಲ್ಲ. ಮಾಡಿದ ತಪ್ಪನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಎಷ್ಟು ಸಣ್ಣ ಮಾತದು! ಬೆಂಚಿನ ಮೇಲೆ ಕುಳಿತ ಮೂವರು ಹೆಂಗಸರು. ಅವರೆದುರು ಒಳ್ಳೆಯವಳಾಗುವ ಆಸೆ. ಅದಕ್ಕಾಗಿ ಅವಳು ಬಾಗಿಲು ತೆರೆದಿದ್ದಳು. ಇವತ್ತು ಇನ್ನೊಂದು ಸುಳ್ಳು ಹೇಳಿ, ಗಂಡನ ಕಣ್ಣಿನಲ್ಲಿ ಇನ್ನಷ್ಟು ಒಳ್ಳೆಯವಳಾಗಿದ್ದಳು.

ಸಂಜೆಗೆ ಹೆಚ್ಚಿನವರು ಹೊರಟುಹೋದರು. ಸೇಸಮ್ಮ ಹೋಗಲಿಲ್ಲ. ಚಾವಡಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಕುಮುದಿನಿ ಒಂದು ಲೋಟ ಕಷಾಯ ತಂದು ಅವಳ ಪಕ್ಕದಲ್ಲಿಟ್ಟಳು. ಮುದುಕಿ ಮುಟ್ಟಲಿಲ್ಲ.

"ಕೂತುಕೋ," ಎಂದಳು.

ಕುಮುದಿನಿ ಕುಳಿತಳು.

"ಆವತ್ತು ಕೆಮ್ಮಿದ್ದು ನಾನು. ನೀನಲ್ಲ."

"ಚಿಕ್ಕಮ್ಮ, ಡಾಕ್ಟರ್ ಹೇಳಿದ್ದಾರೆ, ಯಾರಿಂದ ಬಂತು ಅಂತ ಯಾರಿಗೂ..."

"ಡಾಕ್ಟರಿನ ಮಾತು ಇರಲಿ." ಸೇಸಮ್ಮ ಅಂಗಳವನ್ನೇ ನೋಡುತ್ತಿದ್ದಳು. ಶಾಮಿಯಾನದವರು ಕಂಬಗಳನ್ನು ಬಿಚ್ಚಿ ಪಿಕಪ್ಪಿಗೆ ಹೇರುತ್ತಿದ್ದರು. "ನಿನ್ನ ತಮ್ಮನನ್ನು ಬಿಡಲಿಲ್ಲ. ಸುಗುಣನನ್ನು ಬಿಡಲಿಲ್ಲ. ನಾನು ಕೆಮ್ಮಿದ್ದು ನಿನಗೆ ಕೇಳಿತ್ತು. ಕೇಳಿಯೂ ನನ್ನನ್ನು ಯಾಕೆ ಬಿಟ್ಟದ್ದು?"

ಅತ್ತಿಗೆ ಹೋದಂದಿನಿಂದ ಅವಳು ಹೆದರಿ ಕಾದಿದ್ದ ಪ್ರಶ್ನೆ ಇದೇ. ಕೇಳಿದವಳ ದನಿಯಲ್ಲಿ ಆರೋಪವಿರಲಿಲ್ಲ. ತಿಳಿದುಕೊಳ್ಳದೆ ಬಸ್ಸು ಹತ್ತಲಾರೆ ಎಂಬಂತಿತ್ತು. ಪ್ರೀತಿಯಿಂದ ಬಿಟ್ಟೆ ಎನ್ನಬಹುದಿತ್ತು. ಮುದುಕಿ ಅದನ್ನು ನಂಬಿ, ಇಟ್ಟುಕೊಂಡು, ಉಳಿದ ದಿನಗಳನ್ನು ಕಳೆಯಬಹುದಿತ್ತು.

"ಹೆದರಿ ಬಿಟ್ಟೆ," ಎಂದಳು ಕುಮುದಿನಿ. "ನಿಮ್ಮನ್ನು ಹಿಂದೆ ಕಳಿಸಿದ್ರೆ ಹೊರಗೆ ಹೋಗಿ ನನ್ನ ಬಗ್ಗೆ ಎಂತ ಹೇಳ್ತೀರೋ ಅಂತ ಹೆದರಿ. ನೀವು ಬಂದದ್ದು ನನಗೆ ಇಷ್ಟ ಕೂಡ ಇರಲಿಲ್ಲ."

ಸೇಸಮ್ಮ ಕಷಾಯದ ಲೋಟವನ್ನು ಎತ್ತಿ, ಕುಡಿಯದೆ ಹಾಗೆಯೇ ಹಿಡಿದುಕೊಂಡಳು.

"ಹೇಳ್ತಿದ್ದೆ," ಎಂದಳು ಕೊನೆಗೆ. "ಖಂಡಿತ ಹೇಳ್ತಿದ್ದೆ. ಕಡಬದವರೆಗೆ ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ ಹೇಳ್ತಿದ್ದೆ. ವಾಸಂತಿ ಬದುಕಿ ಮನೆಗೆ ಬಂದು, ಫೋನ್ ಮಾಡಿ, ನನಗೆ ಸರಿಯಾಗಿ ಬೈತಿದ್ಲು."

ಒಳಗಿನಿಂದ ಜತ್ತಪ್ಪ, ಉಳಿದ ಪಾಯಸವನ್ನು ಯಾವ ಪಾತ್ರೆಗೆ ಹಾಕುವುದೆಂದು ಕೂಗಿ ಕೇಳಿದ. ಕುಮುದಿನಿ ಏಳಲಿಲ್ಲ. ಅವನು ಇನ್ನೊಮ್ಮೆ ಕೂಗಿದ.